ಸರ್ಕಾರಿ ಜಾಹೀರಾತು: ಒಟ್ಟು ಮೊತ್ತ ಗೊತ್ತು, ವಿವರ ಎಲ್ಲಿ?

ಸರ್ಕಾರಗಳು ಜಾಹೀರಾತಿಗೆ ಮಾಡುವ ವೆಚ್ಚ ಮತ್ತು ಅದರ ಲೆಕ್ಕವನ್ನು ಸಾರ್ವಜನಿಕರ ಮುಂದಿಡುವ ಬಗೆಯ ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಲಸಿಕೆ, ಮತದಾನ, ಪ್ರವಾಹದ ಮುನ್ನೆಚ್ಚರಿಕೆಯಂತಹ ವಿಷಯಗಳನ್ನು ಜನರಿಗೆ ತಿಳಿಸುವುದು ಸರ್ಕಾರದ ಕರ್ತವ್ಯವೇ ಆಗಿರುವಾಗ ಜಾಹೀರಾತಿನ ಖರ್ಚನ್ನು ಮಾತ್ರ ಅನುಮಾನದಿಂದ ನೋಡುವುದು ಸರಿಯೇ?

ಉತ್ತರ: ತಿಳಿಸುವ ಕರ್ತವ್ಯದ ಬಗ್ಗೆ ತಕರಾರಿಲ್ಲ. ಟೆಂಡರ್ ಪ್ರಕಟಣೆ, ನೇಮಕಾತಿ ಅಧಿಸೂಚನೆ, ಭೂಸ್ವಾಧೀನದ ನೋಟಿಸು ಮೊದಲಾದವು ಪತ್ರಿಕೆಯಲ್ಲಿ ಬಾರದೇ ಹೋದರೆ ನಷ್ಟವಾಗುವುದು ಜನರಿಗೇ. ತಕರಾರು ಏಳುವುದು ಸಾಧನೆಗಳನ್ನು ಸಾರುವ ಪುಟಗಳ ಬಗ್ಗೆ. ಇವೆರಡನ್ನು ಬೇರ್ಪಡಿಸಲು ಸುಲಭವಾದ ಒಂದು ಪರೀಕ್ಷೆ ಇದೆ. ಜಾಹೀರಾತನ್ನು ಓದಿ ಮುಗಿಸಿದ ನಾಗರಿಕ ಮುಂದೆ ಏನು ಮಾಡಬೇಕು ಎಂಬುದು ಅದರಲ್ಲಿದೆಯೇ ಎಂದು ನೋಡಿದರೆ ಸಾಕು. ಯಾರು ಅರ್ಹರು, ಅರ್ಜಿಯನ್ನು ಎಲ್ಲಿ ಕೊಡಬೇಕು, ಕೊನೆಯ ದಿನಾಂಕ ಯಾವುದು, ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂಬ ವಿವರಗಳಿದ್ದರೆ ಅದು ಮಾಹಿತಿ. ಇವುಗಳಲ್ಲಿ ಒಂದೂ ಇಲ್ಲದೆ ನಾಯಕರ ಭಾವಚಿತ್ರ ಮತ್ತು ಅಭಿನಂದನೆಯ ಸಾಲುಗಳಷ್ಟೇ ಪುಟ ತುಂಬಿದ್ದರೆ ಅದನ್ನು ಪ್ರಚಾರವೆಂದೇ ಕರೆಯಬೇಕಾಗುತ್ತದೆ.

ಈ ವೆಚ್ಚದ ಮೇಲೆ ಹೆಚ್ಚಿನ ನಿಗಾ ಏಕೆ ಬೇಕೆಂಬುದಕ್ಕೆ ಇನ್ನೆರಡು ಕಾರಣಗಳಿವೆ. ರಸ್ತೆಯನ್ನೋ ಶಾಲೆಯನ್ನೋ ಕಟ್ಟಿದರೆ ಅದು ಕಣ್ಣಿಗೆ ಕಾಣುತ್ತದೆ, ಅಳೆದು ನೋಡಲೂ ಬರುತ್ತದೆ. ಜಾಹೀರಾತು ಮರುದಿನವೇ ಹಳೆಯ ಕಾಗದವಾಗುತ್ತದೆ, ಪರದೆಯ ಮೇಲಿನದಾದರೆ ಅರ್ಧ ನಿಮಿಷದಲ್ಲಿ ಮರೆಯಾಗುತ್ತದೆ. ಅದಕ್ಕಿಂತ ಮುಖ್ಯವಾದ ಎರಡನೆಯ ಕಾರಣವೆಂದರೆ, ಸರ್ಕಾರದ ಖರ್ಚುವೆಚ್ಚಗಳ ಮೇಲೆ ಕಣ್ಣಿಡಬೇಕಾದ ಮಾಧ್ಯಮಗಳ ಕೈಗೇ ಈ ಹಣ ಸೇರುತ್ತದೆ. ಬೇರೆ ಯಾವ ಬಾಬತ್ತಿನಲ್ಲೂ ಇಂತಹ ಇಕ್ಕಟ್ಟು ಇಲ್ಲ. ಆದ್ದರಿಂದ ಈ ಲೆಕ್ಕವನ್ನು ಹೊರಗೆ ತರುವ ಕೆಲಸವನ್ನು ಮಾಧ್ಯಮಗಳ ಆಸಕ್ತಿಗೆ ಬಿಟ್ಟುಕೊಡದೆ ಕಾನೂನಿನ ಮೂಲಕವೇ ಕಡ್ಡಾಯಗೊಳಿಸಬೇಕು.

ಪ್ರಶ್ನೆ: ಶಾಸನಸಭೆಗಳಲ್ಲಿ ಸದಸ್ಯರು ಕೇಳಿದಾಗ ಸಚಿವರು ಜಾಹೀರಾತಿನ ಒಟ್ಟು ವೆಚ್ಚವನ್ನು ತಿಳಿಸುತ್ತಾರೆ, ಅದು ಮರುದಿನ ಸುದ್ದಿಯೂ ಆಗುತ್ತದೆ. ಇದಕ್ಕಿಂತ ಹೆಚ್ಚಿನ ಪಾರದರ್ಶಕತೆ ಎಂದರೆ ಏನು?

ಉತ್ತರ: ಒಟ್ಟು ಮೊತ್ತ ಸುದ್ದಿಯಾಗುತ್ತದೆ, ಒಂದು ದಿನದ ಗದ್ದಲವೂ ನಡೆಯುತ್ತದೆ. ಆದರೆ ಆ ಅಂಕಿಯನ್ನು ಕೈಯಲ್ಲಿ ಹಿಡಿದ ನಾಗರಿಕನಿಗೆ ಅದು ಹೆಚ್ಚೋ ಕಡಿಮೆಯೋ, ಸರಿಯೋ ತಪ್ಪೋ ಎಂದು ತೀರ್ಮಾನಿಸಲು ಯಾವ ಆಧಾರವೂ ಸಿಗುವುದಿಲ್ಲ. ಸಾಂಕ್ರಾಮಿಕ ರೋಗ ಹರಡಿದ ವರ್ಷದಲ್ಲಿ ಖರ್ಚು ಏರುವುದು ಸಹಜ. ಚುನಾವಣೆಗೆ ಮುಂಚಿನ ಮೂರು ತಿಂಗಳಲ್ಲಿ ಅಷ್ಟೇ ಏರಿಕೆಯಾಗಿದ್ದರೆ ಅದರ ಅರ್ಥವೇ ಬೇರೆ. ವರ್ಷದ ಮೊತ್ತವೊಂದರಲ್ಲಿ ಈ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ.

ಪಾರದರ್ಶಕತೆಯ ನಿಜವಾದ ಅಳತೆ ಒಂದೊಂದು ಬಿಡುಗಡೆ ಆದೇಶ. ಕಚೇರಿಯಲ್ಲೂ ಪತ್ರಿಕೆಗಳ ಜಾಹೀರಾತು ವಿಭಾಗದಲ್ಲೂ ಇದನ್ನು ರಿಲೀಸ್ ಆರ್ಡರ್ ಅಥವಾ ಚುಟುಕಾಗಿ ಆರ್‌ಒ ಎನ್ನುತ್ತಾರೆ. ಜಾಹೀರಾತು ಯಾವ ಪತ್ರಿಕೆಯ ಯಾವ ಆವೃತ್ತಿಯಲ್ಲಿ, ಯಾವ ದಿನಾಂಕದಂದು, ಎಷ್ಟು ಅಳತೆಯಲ್ಲಿ, ಬಣ್ಣದಲ್ಲೋ ಕಪ್ಪುಬಿಳುಪಿನಲ್ಲೋ, ಮುಖಪುಟದಲ್ಲೋ ಒಳಪುಟದಲ್ಲೋ ಬರಬೇಕು, ಚದರ ಸೆಂಟಿಮೀಟರಿಗೆ ಎಷ್ಟು ದರ, ಯಾವ ಇಲಾಖೆಯ ಯಾವ ಲೆಕ್ಕ ಶೀರ್ಷಿಕೆಯಿಂದ, ಎಂದರೆ ಲೆಕ್ಕಪತ್ರದ ಯಾವ ಬಾಬತ್ತಿನಿಂದ, ಹಣ ಸಂದಾಯವಾಗಬೇಕು ಎಂಬುದೆಲ್ಲ ಆ ಒಂದು ಹಾಳೆಯಲ್ಲಿರುತ್ತದೆ. ಪತ್ರಿಕೆಯವರು ಬಿಲ್ಲಿನ ಜೊತೆಗೆ ಜಾಹೀರಾತು ಅಚ್ಚಾದ ಪುಟದ ಪ್ರತಿಯನ್ನೂ ಲಗತ್ತಿಸುತ್ತಾರೆ. ಎಂದರೆ ಪ್ರತಿಯೊಂದು ಸಾಲನ್ನೂ ಪರಿಶೀಲಿಸಲು ಬೇಕಾದ ದಾಖಲೆ ಈಗಾಗಲೇ ಕಡತದಲ್ಲಿದೆ. ಪುಟದ ಮುದ್ರಿತ ಭಾಗ 33 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಎತ್ತರ ಎಂದುಕೊಂಡರೆ ಪೂರ್ಣಪುಟ 1,650 ಚದರ ಸೆಂಟಿಮೀಟರ್ ಆಗುತ್ತದೆ. ಅದನ್ನು ಮಂಜೂರಾದ ದರದಿಂದ ಗುಣಿಸಿ, ಬಣ್ಣಕ್ಕೂ ಮುಖಪುಟಕ್ಕೂ ಇರುವ ಹೆಚ್ಚುವರಿಯನ್ನು ಸೇರಿಸಿದರೆ ಬಿಲ್ ಸರಿಯೇ ಎಂಬುದನ್ನು ಹೈಸ್ಕೂಲು ವಿದ್ಯಾರ್ಥಿಯೂ ಹೇಳಬಲ್ಲ. ಈ ಆದೇಶಗಳನ್ನು ಸಾಲುಸಾಲಾಗಿ, ಗಣಕದಲ್ಲಿ ಹುಡುಕಲು ಮತ್ತು ಕೂಡಿಸಲು ಬರುವ ಪಟ್ಟಿಯ ರೂಪದಲ್ಲಿ, ಯಾರೂ ಕೇಳುವ ಮುನ್ನವೇ ಪ್ರಕಟಿಸುವುದನ್ನು ಪಾರದರ್ಶಕತೆ ಎನ್ನಬೇಕು ಎಂಬುದು ನಮ್ಮ ನಿಲುವು.

ಪಟ್ಟಿ ಪ್ರಕಟವಾದರೂ ವಿವರ ತಪ್ಪಿಹೋಗುವ ದಾರಿಯೊಂದಿದೆ ಎಂಬುದನ್ನು ಇಲ್ಲೇ ಹೇಳಬೇಕು. ಬ್ರಿಟನ್ನಿನ ಕೇಂದ್ರ ಸರ್ಕಾರದ ಇಲಾಖೆಗಳು 25,000 ಪೌಂಡ್ ಮೀರಿದ ಪ್ರತಿಯೊಂದು ಪಾವತಿಯನ್ನೂ 2010ರಿಂದ ತಿಂಗಳಿಗೊಮ್ಮೆ ಪ್ರಕಟಿಸುತ್ತಿವೆ. ಇದು ಮೆಚ್ಚಬೇಕಾದ ಪದ್ಧತಿ. ಆದರೆ ಜಾಹೀರಾತಿನ ಜಾಗವನ್ನೂ ಪ್ರಸಾರದ ವೇಳೆಯನ್ನೂ ಏಜೆನ್ಸಿಯ ಮೂಲಕ ಕೊಂಡಾಗ ಇಂತಹ ಪಟ್ಟಿಯಲ್ಲಿ ಕಾಣುವುದು ಏಜೆನ್ಸಿಯ ಹೆಸರು ಮಾತ್ರ. ಅಂತಿಮವಾಗಿ ಹಣ ಯಾವ ಪತ್ರಿಕೆಗೆ, ಯಾವ ವಾಹಿನಿಗೆ ಹೋಯಿತು ಎಂಬುದು ಅದರ ಹಿಂದೆ ಉಳಿದುಬಿಡುತ್ತದೆ. ಏಜೆನ್ಸಿಗೆ ಸಂದ ಕಮಿಷನ್ ಎಷ್ಟು ಎಂಬುದೂ ಅದರಲ್ಲೇ ಬೆರೆತಿರುತ್ತದೆ. ಜಾಹೀರಾತು ಉದ್ಯಮದಲ್ಲಿ ಬಹುಕಾಲ ಶೇ 15ರಷ್ಟು ಕಮಿಷನ್ ರೂಢಿಯಲ್ಲಿತ್ತು ಎಂಬುದನ್ನು ನೆನೆದರೆ ಇದು ಕಡೆಗಣಿಸುವಷ್ಟು ಸಣ್ಣ ಭಾಗವಲ್ಲ. ಕೆನಡಾದಲ್ಲಿ 1990ರ ದಶಕದ ಕೊನೆಯಲ್ಲಿ ಕೇಂದ್ರ ಸರ್ಕಾರ ನಡೆಸಿದ ಪ್ರಾಯೋಜಕತ್ವ ಕಾರ್ಯಕ್ರಮದ ಕಥೆ ಇದೇ. ಸುಮಾರು 25 ಕೋಟಿ ಡಾಲರ್ ವೆಚ್ಚವಾದ ಆ ಕಾರ್ಯಕ್ರಮದಲ್ಲಿ 10 ಕೋಟಿ ಡಾಲರಿಗೂ ಹೆಚ್ಚು ಹಣ ಶುಲ್ಕ ಮತ್ತು ಕಮಿಷನ್ನಿನ ರೂಪದಲ್ಲಿ ಸಂವಹನ ಏಜೆನ್ಸಿಗಳಿಗೆ ಸಂದಿತ್ತೆಂದು ಮಹಾಲೆಕ್ಕಪರಿಶೋಧಕರಾಗಿದ್ದ ಶೀಲಾ ಫ್ರೇಸರ್ 2004ರ ವರದಿಯಲ್ಲಿ ಬಯಲಿಗೆಳೆದರು. ಬಳಿಕ ನ್ಯಾಯಮೂರ್ತಿ ಜಾನ್ ಗೋಮೆರಿ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗವೇ ನಡೆಯಿತು.

ಪ್ರಶ್ನೆ: ವಾರ್ತಾ ಇಲಾಖೆಯ ಖರ್ಚನ್ನು ಮಾತ್ರ ನೋಡಿದರೆ ಸಾಕಾಗುವುದಿಲ್ಲ ಎನ್ನುತ್ತಾರೆ. ಏಕೆ?

ಉತ್ತರ: ಯೋಜನೆಗಳ ಹಣದೊಳಗೇ ಪ್ರಚಾರದ ವೆಚ್ಚ ಅಡಗಿರುವುದರಿಂದ. ಭಾರತದ ಸರ್ಕಾರಿ ಲೆಕ್ಕಪತ್ರಗಳಲ್ಲಿ ಮಾಹಿತಿ ಮತ್ತು ಪ್ರಚಾರಕ್ಕೆಂದು 2220 ಎಂಬ ಪ್ರತ್ಯೇಕ ಪ್ರಧಾನ ಶೀರ್ಷಿಕೆ ಇದೆ. ಅದನ್ನಷ್ಟೇ ನೋಡಿದವರಿಗೆ ಆರೋಗ್ಯ, ಕೃಷಿ, ಮಹಿಳಾ ಕಲ್ಯಾಣ ಮೊದಲಾದ ಇಲಾಖೆಗಳು ತಮ್ಮ ಯೋಜನೆಗಳ ಅನುದಾನದಿಂದ ಮಾಡಿದ ಪ್ರಚಾರ ಕಾಣುವುದಿಲ್ಲ. ನಿಗಮ, ಮಂಡಳಿ, ಪ್ರಾಧಿಕಾರ, ನಗರಸಭೆಗಳ ಜಾಹೀರಾತಂತೂ ಬೇರೆ ಬೇರೆ ಲೆಕ್ಕಪುಸ್ತಕಗಳಲ್ಲಿ ಹರಿದುಹಂಚಿಹೋಗಿರುತ್ತದೆ.

ಬೇಟಿ ಬಚಾವೋ ಬೇಟಿ ಪಢಾವೋ ಯೋಜನೆಯ ಉದಾಹರಣೆ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. 2016ರಿಂದ 2019ರವರೆಗೆ ಬಿಡುಗಡೆಯಾದ 446.72 ಕೋಟಿ ರೂಪಾಯಿಗಳಲ್ಲಿ ಶೇ 78.91ರಷ್ಟು ಮಾಧ್ಯಮ ಪ್ರಚಾರಕ್ಕೇ ಖರ್ಚಾಗಿದೆ ಎಂದು ಮಹಿಳಾ ಸಬಲೀಕರಣ ಕುರಿತ ಸಂಸದೀಯ ಸಮಿತಿ 2021ರ ಡಿಸೆಂಬರಿನಲ್ಲಿ ಮಂಡಿಸಿದ ವರದಿಯಲ್ಲಿ ಹೇಳಿತು. ಜನರ ಮನೋಭಾವವನ್ನು ಬದಲಿಸುವುದೇ ಗುರಿಯಾದ ಯೋಜನೆಯಲ್ಲಿ ಪ್ರಚಾರಕ್ಕೆ ದೊಡ್ಡ ಪಾಲು ಸಿಗುವುದರಲ್ಲಿ ತಪ್ಪೇನು ಎಂದು ವಾದಿಸಬಹುದು, ಆ ವಾದದಲ್ಲಿ ಹುರುಳೂ ಇದೆ. ಆದರೆ ಹೆಣ್ಣುಮಕ್ಕಳ ಶಿಕ್ಷಣ ಮತ್ತು ಆರೋಗ್ಯಕ್ಕೆ ಜಿಲ್ಲೆಗಳಲ್ಲಿ ನೇರವಾಗಿ ವೆಚ್ಚವಾದದ್ದು ಎಷ್ಟು ಕಡಿಮೆ ಎಂಬ ಸಂಗತಿ ದೇಶಕ್ಕೆ ಗೊತ್ತಾಗಲು ಸಂಸತ್ತಿನ ಸಮಿತಿಯೊಂದು ಕುಳಿತು ಕಡತ ಜಾಲಾಡಬೇಕಾಯಿತು ಎಂಬುದು ನಮ್ಮನ್ನು ಕಾಡಬೇಕಾದ ವಿಷಯ. ಪ್ರತಿ ಯೋಜನೆಯ ಪ್ರಗತಿ ವರದಿಯಲ್ಲೂ ಪ್ರಚಾರದ ವೆಚ್ಚವನ್ನು ಪ್ರತ್ಯೇಕ ಕಲಮಿನಲ್ಲಿ ತೋರಿಸಿದ್ದರೆ ಮೊದಲ ವರ್ಷವೇ ಯಾರಾದರೂ ಎಚ್ಚರಿಸುತ್ತಿದ್ದರು.

ಪ್ರಶ್ನೆ: ಜಾಹೀರಾತುಗಳಲ್ಲಿ ರಾಜಕಾರಣಿಗಳ ಚಿತ್ರ ಹಾಕಬಾರದೆಂದು ಸುಪ್ರೀಂ ಕೋರ್ಟ್ ಹೇಳಿತ್ತಲ್ಲವೇ? ಆಮೇಲೆ ಏನಾಯಿತು?

ಉತ್ತರ: ಕಾಮನ್ ಕಾಸ್ ಸಂಸ್ಥೆ ಮತ್ತು ಸಾರ್ವಜನಿಕ ಹಿತಾಸಕ್ತಿ ದಾವೆಗಳ ಕೇಂದ್ರ ಸಲ್ಲಿಸಿದ ಅರ್ಜಿಗಳ ಮೇಲೆ ನ್ಯಾಯಾಲಯ 2014ರಲ್ಲಿ ಪ್ರೊ. ಎನ್.ಆರ್. ಮಾಧವ ಮೆನನ್ ನೇತೃತ್ವದ ಸಮಿತಿಯನ್ನು ರಚಿಸಿತು. ಸಮಿತಿಯ ಶಿಫಾರಸುಗಳನ್ನು ಆಧರಿಸಿ ನ್ಯಾಯಮೂರ್ತಿ ರಂಜನ್ ಗೊಗೊಯ್ ನೇತೃತ್ವದ ಪೀಠ 2015ರ ಮೇ 13ರಂದು ತೀರ್ಪು ನೀಡಿ, ರಾಷ್ಟ್ರಪತಿ, ಪ್ರಧಾನಮಂತ್ರಿ ಮತ್ತು ಭಾರತದ ಮುಖ್ಯ ನ್ಯಾಯಮೂರ್ತಿಯವರ ಚಿತ್ರಗಳಿಗೆ ಮಾತ್ರ ಅವಕಾಶವಿತ್ತಿತು. ಕೇಂದ್ರ ಮತ್ತು ಹಲವು ರಾಜ್ಯಗಳು ಮರುಪರಿಶೀಲನೆ ಕೋರಿದ ಮೇಲೆ 2016ರ ಮಾರ್ಚ್ 18ರಂದು ರಾಜ್ಯಪಾಲರು, ಮುಖ್ಯಮಂತ್ರಿಗಳು ಹಾಗೂ ಸಂಬಂಧಪಟ್ಟ ಇಲಾಖೆಯ ಸಚಿವರ ಚಿತ್ರಗಳಿಗೂ ಅನುಮತಿ ದೊರೆಯಿತು.

ಚಿತ್ರಗಳ ಚರ್ಚೆಯ ಭರದಲ್ಲಿ ಅದೇ ತೀರ್ಪಿನ ಇತರ ಭಾಗಗಳು ಮರೆತುಹೋದವು. ಜಾಹೀರಾತಿನ ವಿಷಯ ಸರ್ಕಾರದ ಹೊಣೆಗಾರಿಕೆಗೆ ಸಂಬಂಧಿಸಿರಬೇಕು, ವಸ್ತುನಿಷ್ಠವಾಗಿರಬೇಕು, ಆಡಳಿತ ಪಕ್ಷದ ರಾಜಕೀಯ ಹಿತವನ್ನು ಸಾಧಿಸುವಂತಿರಬಾರದು, ಖರ್ಚಿಗೆ ತಕ್ಕ ಸಮರ್ಥನೆ ಇರಬೇಕು ಮತ್ತು ಕಾನೂನಿಗೆ ಬದ್ಧವಾಗಿರಬೇಕು ಎಂಬ ಐದು ತತ್ತ್ವಗಳು ಆ ಮಾರ್ಗಸೂಚಿಯಲ್ಲಿವೆ. ಇವುಗಳ ಪಾಲನೆಯನ್ನು ನೋಡಿಕೊಳ್ಳಲು ಮೂವರು ಸದಸ್ಯರ ಸಮಿತಿ ಇರಬೇಕೆಂದೂ ನ್ಯಾಯಾಲಯ ಹೇಳಿತು. ಆದರೆ ಜಾಹೀರಾತು ವೆಚ್ಚಕ್ಕೆ ಖರ್ಚಿನಿಂದ ಉದ್ದೇಶ ಈಡೇರಿತೇ ಎಂದು ನೋಡುವ ವಿಶೇಷ ಕಾರ್ಯಕ್ಷಮತಾ ಲೆಕ್ಕಪರಿಶೋಧನೆ ನಡೆಯಬೇಕು, ಚುನಾವಣೆಯ ಹೊಸ್ತಿಲಲ್ಲಿ ಜಾಹೀರಾತುಗಳಿಗೆ ತಡೆ ಇರಬೇಕು ಎಂಬ ಮೆನನ್ ಸಮಿತಿಯ ಶಿಫಾರಸುಗಳನ್ನು ಅದು ಒಪ್ಪಲಿಲ್ಲ. ನಮ್ಮ ದೃಷ್ಟಿಯಲ್ಲಿ ಆ ಎರಡು ಶಿಫಾರಸುಗಳೇ ಚಿತ್ರದ ನಿಯಮಕ್ಕಿಂತ ಹೆಚ್ಚು ಬೆಲೆಯುಳ್ಳವಾಗಿದ್ದವು. ಒಂದು ಮುಖವನ್ನು ತೆಗೆದುಹಾಕಿದರೂ ಅದೇ ಜಾಹೀರಾತು ಅದೇ ವೆಚ್ಚದಲ್ಲಿ ಅದೇ ಹೊತ್ತಿನಲ್ಲಿ ಪ್ರಕಟವಾಗಬಹುದು.

ಪ್ರಶ್ನೆ: ಯಾವ ಪತ್ರಿಕೆಗೆ ಎಷ್ಟು ಜಾಹೀರಾತು ಕೊಡಬೇಕೆಂಬುದು ಸರ್ಕಾರದ ಇಷ್ಟ. ಖಾಸಗಿ ಕಂಪನಿಗೆ ಇರುವ ಸ್ವಾತಂತ್ರ್ಯ ಸರ್ಕಾರಕ್ಕೆ ಏಕಿಲ್ಲ?

ಉತ್ತರ: ಕಂಪನಿ ಖರ್ಚು ಮಾಡುವುದು ತನ್ನ ಹಣವನ್ನು, ಸರ್ಕಾರದ ಕೈಯಲ್ಲಿರುವುದು ಜನರ ಹಣ. ಆಂಧ್ರಪ್ರದೇಶ ಹೈಕೋರ್ಟ್ ಉಷೋದಯ ಪಬ್ಲಿಕೇಷನ್ಸ್ ಪ್ರಕರಣದಲ್ಲಿ ಇದೇ ಮಾತನ್ನು ಹೇಳಿತು. ಜಾಹೀರಾತಿನ ಹಣ ಸಾರ್ವಜನಿಕ ಬೊಕ್ಕಸದ್ದಾದ ಕಾರಣ ಒಂದು ಗುಂಪಿನ ಪತ್ರಿಕೆಗಳನ್ನು ಓಲೈಸಲೋ, ಟೀಕಿಸಿದ ಪತ್ರಿಕೆಯನ್ನು ದಂಡಿಸಲೋ ಅದನ್ನು ಬಳಸುವಂತಿಲ್ಲ ಎಂಬುದು ಅದರ ಸಾರ. ಅರ್ಜೆಂಟೀನಾದ ನ್ಯೂಕೆನ್ ಪ್ರಾಂತ್ಯದಲ್ಲಿ ಶಾಸನಸಭೆಯ ಲಂಚದ ಆರೋಪವನ್ನು ವರದಿ ಮಾಡಿದ ರಿಯೊ ನೆಗ್ರೊ ಪತ್ರಿಕೆಗೆ ಪ್ರಾಂತೀಯ ಸರ್ಕಾರ ಜಾಹೀರಾತು ನಿಲ್ಲಿಸಿದಾಗ ಆ ದೇಶದ ಸುಪ್ರೀಂ ಕೋರ್ಟ್ 2007ರಲ್ಲಿ ಪತ್ರಿಕೆಯ ಪರವಾಗಿ ತೀರ್ಪಿತ್ತಿತು. ಸರ್ಕಾರಿ ಜಾಹೀರಾತು ಪಡೆಯುವುದು ಯಾವ ಪತ್ರಿಕೆಯ ಹಕ್ಕೂ ಅಲ್ಲ, ಆದರೆ ಹಂಚಲು ಹೊರಟ ಸರ್ಕಾರ ಅದನ್ನು ಮನಬಂದಂತೆ ಹಿಂತೆಗೆದುಕೊಳ್ಳುವಂತೆಯೂ ಇಲ್ಲ ಎಂದು ಅದು ಗೆರೆ ಎಳೆಯಿತು.

ತಾರತಮ್ಯ ನಡೆದಿದೆ ಎಂದು ತೋರಿಸಬೇಕಾದರೆ ಮೊದಲು ಯಾರಿಗೆ ಎಷ್ಟು ಸಂದಿದೆ ಎಂಬುದು ತಿಳಿದಿರಬೇಕು. ಆಸ್ಟ್ರಿಯಾ ಇದಕ್ಕಾಗಿಯೇ ಒಂದು ಕಾನೂನು ಮಾಡಿ, ಸಾರ್ವಜನಿಕ ಸಂಸ್ಥೆಗಳು ಯಾವ ಮಾಧ್ಯಮಕ್ಕೆ ಎಷ್ಟು ಕೊಟ್ಟವೆಂಬುದನ್ನು ಮೂರು ತಿಂಗಳಿಗೊಮ್ಮೆ ವರದಿ ಮಾಡುವ ಪದ್ಧತಿಯನ್ನು 2012ರಲ್ಲಿ ಜಾರಿಗೆ ತಂದಿತು. ಆದರೆ ಒಂದು ಮಾಧ್ಯಮಕ್ಕೆ ತ್ರೈಮಾಸಿಕದಲ್ಲಿ 5,000 ಯೂರೊ ಮೀರದ ಮೊತ್ತವನ್ನು ವರದಿ ಮಾಡಬೇಕಿಲ್ಲ ಎಂಬ ವಿನಾಯಿತಿ ಅದರಲ್ಲಿತ್ತು. ಸಣ್ಣ ಸಣ್ಣ ತುಂಡುಗಳಾಗಿ ಕೊಟ್ಟ ಹಣ ಲೆಕ್ಕದಿಂದ ಹೊರಗುಳಿಯಲು ಅಷ್ಟು ಸಾಕಾಗಿತ್ತು. ತಿದ್ದುಪಡಿಯ ಮೂಲಕ ಆ ಮಿತಿಯನ್ನು ಮುಂದೆ ತೆಗೆದುಹಾಕಲಾಯಿತು. ಐರೋಪ್ಯ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ಮಾಧ್ಯಮ ಸ್ವಾತಂತ್ರ್ಯ ಕಾಯ್ದೆಯ 25ನೇ ವಿಧಿಯೂ ಇದೇ ದಾರಿಯಲ್ಲಿದೆ. ಹಣ ಪಡೆದ ಮಾಧ್ಯಮ ಸಂಸ್ಥೆ ಅಥವಾ ಆನ್‌ಲೈನ್ ವೇದಿಕೆಯ ಹೆಸರು, ಅದು ಸೇರಿದ ಉದ್ಯಮ ಸಮೂಹ, ವರ್ಷದ ಮೊತ್ತ ಇವುಗಳನ್ನು ಸಾರ್ವಜನಿಕ ಪ್ರಾಧಿಕಾರಗಳು ಪ್ರತಿವರ್ಷ ಪ್ರಕಟಿಸಬೇಕೆಂದು ಅದು ವಿಧಿಸುತ್ತದೆ. ಉದ್ಯಮ ಸಮೂಹದ ಹೆಸರು ಅಗತ್ಯ, ಏಕೆಂದರೆ ಹತ್ತು ಬೇರೆ ಬೇರೆ ಹೆಸರುಗಳ ಪತ್ರಿಕೆ, ವಾಹಿನಿ, ಜಾಲತಾಣಗಳ ಹಿಂದೆ ಒಬ್ಬನೇ ಮಾಲೀಕನಿರಬಹುದು. ಆದರೆ ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಪ್ರದೇಶಗಳ ಸ್ಥಳೀಯ ಆಡಳಿತಕ್ಕೆ ಸದಸ್ಯ ರಾಷ್ಟ್ರಗಳು ವಿನಾಯಿತಿ ಕೊಡಬಹುದು ಎಂಬ ಷರತ್ತು ನಮಗೆ ಸಮಾಧಾನ ತರುವುದಿಲ್ಲ. ಸಣ್ಣ ಊರಿನ ಪತ್ರಿಕೆಗೆ ಸ್ಥಳೀಯ ಸಂಸ್ಥೆಯ ಜಾಹೀರಾತೇ ಜೀವಾಳವಾಗಿರುವುದುಂಟು. ಒತ್ತಡ ಹೇರುವುದು ಅತ್ಯಂತ ಸುಲಭವಾಗುವುದೂ ಅಲ್ಲಿಯೇ.

ಒತ್ತಡ ಹೇರಲು ಜಾಹೀರಾತನ್ನು ನಿಲ್ಲಿಸಲೇಬೇಕೆಂದಿಲ್ಲ, ಬಿಲ್ಲನ್ನು ತಡೆಹಿಡಿದರೂ ಆಯಿತು. ಆದ್ದರಿಂದ ಪಟ್ಟಿಯಲ್ಲಿ ಆದೇಶದ ದಿನಾಂಕದ ಪಕ್ಕದಲ್ಲಿ ಪಾವತಿಯ ದಿನಾಂಕವೂ ಇರಬೇಕು. ಒಂದು ಪತ್ರಿಕೆಗೆ ಎರಡು ತಿಂಗಳಲ್ಲಿ, ಇನ್ನೊಂದಕ್ಕೆ ಎರಡು ವರ್ಷದಲ್ಲಿ ಹಣ ಸಿಗುತ್ತಿದ್ದರೆ ಆ ಎರಡು ಕಲಮುಗಳೇ ಅದನ್ನು ಹೇಳುತ್ತವೆ.

ಪ್ರಶ್ನೆ: ಜಾಹೀರಾತು ಪ್ರಕಟವಾಗುವ ಮೊದಲೇ ಸ್ವತಂತ್ರ ಸಂಸ್ಥೆಯೊಂದು ಅದನ್ನು ಪರಿಶೀಲಿಸುವ ವ್ಯವಸ್ಥೆ ಎಲ್ಲಿಯಾದರೂ ಇದೆಯೇ?

ಉತ್ತರ: ಇದೆ, ಆದರೆ ಅದನ್ನು ಉಳಿಸಿಕೊಳ್ಳುವುದು ಕಷ್ಟವೆಂದು ಅನುಭವ ಹೇಳುತ್ತದೆ. ಕೆನಡಾದ ಒಂಟಾರಿಯೊ ಪ್ರಾಂತ್ಯ 2004ರಲ್ಲಿ ತಂದ ಕಾಯ್ದೆಯ ಪ್ರಕಾರ ಸರ್ಕಾರಿ ಜಾಹೀರಾತು ಪಕ್ಷಪಾತದಿಂದ ಕೂಡಿದೆಯೇ ಎಂದು ಮಹಾಲೆಕ್ಕಪರಿಶೋಧಕರು ಮೊದಲೇ ನೋಡಿ ಒಪ್ಪಿಗೆ ಕೊಡಬೇಕಿತ್ತು. 2015ರ ತಿದ್ದುಪಡಿ ಪಕ್ಷಪಾತದ ವ್ಯಾಖ್ಯೆಯನ್ನು ಎಷ್ಟು ಕಿರಿದುಗೊಳಿಸಿತೆಂದರೆ ಪರಿಶೋಧಕರ ವಿವೇಚನೆಗೆ ಹೆಚ್ಚೇನೂ ಉಳಿಯಲಿಲ್ಲ. ಆಸ್ಟ್ರೇಲಿಯಾದಲ್ಲಿ 2008ರಲ್ಲಿ 2,50,000 ಡಾಲರ್ ಮೀರಿದ ಪ್ರಚಾರಗಳ ಪರಿಶೀಲನೆಯನ್ನು ಮಹಾಲೆಕ್ಕಪರಿಶೋಧಕರಿಗೆ ವಹಿಸಿ, 2010ರಲ್ಲಿ ಆ ಕೆಲಸವನ್ನು ಬೇರೊಂದು ಸಮಿತಿಗೆ ಕೊಡಲಾಯಿತು. ಮುಂಚಿತ ಪರಿಶೀಲನೆ ಸರ್ಕಾರದ ಕೈಯನ್ನು ಕಟ್ಟುತ್ತದೆ, ಆದ ಕಾರಣ ಅದನ್ನು ಸಡಿಲಿಸುವ ಆಸೆ ಪ್ರತಿ ಸರ್ಕಾರಕ್ಕೂ ಹುಟ್ಟುತ್ತದೆ. ಪ್ರತಿ ಆದೇಶವನ್ನೂ ಪ್ರಕಟಿಸುವ ನಿಯಮ ಅಷ್ಟು ಬಲವಾದದ್ದಲ್ಲದಿದ್ದರೂ ಒಮ್ಮೆ ಜಾರಿಯಾದ ಮೇಲೆ ಅದನ್ನು ಸದ್ದಿಲ್ಲದೆ ಹಿಂತೆಗೆದುಕೊಳ್ಳುವುದು ಸುಲಭವಲ್ಲ.

ಪ್ರಶ್ನೆ: ಸಾಮಾಜಿಕ ಜಾಲತಾಣಗಳಲ್ಲಿ ಸರ್ಕಾರದ ಪರವಾಗಿ ಹಣ ಪಡೆದು ವಿಡಿಯೊ ಮಾಡುವವರ ಲೆಕ್ಕ ಎಲ್ಲಿರುತ್ತದೆ?

ಉತ್ತರ: ಪತ್ರಿಕೆಯ ಜಾಹೀರಾತಿಗೆ ಅಚ್ಚಾದ ಪುಟವೇ ಸಾಕ್ಷಿ. ಜಾಲತಾಣದ ಜಾಹೀರಾತನ್ನು ಆಯ್ದ ವಯಸ್ಸಿನ, ಆಯ್ದ ಪ್ರದೇಶದ ಜನರಿಗಷ್ಟೇ ತೋರಿಸಬಹುದಾದ್ದರಿಂದ ಉಳಿದವರಿಗೆ ಅಂಥದ್ದೊಂದು ಇತ್ತೆಂಬುದೇ ಗೊತ್ತಾಗುವುದಿಲ್ಲ. ಹಣ ಪಡೆದು ಮಾಡಿದ ವಿಡಿಯೊವಂತೂ ಸ್ವಂತ ಅಭಿಪ್ರಾಯದ ರೂಪದಲ್ಲಿ ಬರುತ್ತದೆ. ಹೀಗಾಗಿ ಇಲ್ಲಿ ಲೆಕ್ಕ ಕೊಡುವುದರ ಜೊತೆಗೆ ವಿಡಿಯೊದಲ್ಲೇ ‘ಸರ್ಕಾರದ ಹಣದಿಂದ’ ಎಂಬ ಘೋಷಣೆ ಇರಬೇಕು, ಯಾರನ್ನು ಗುರಿಯಾಗಿಸಿ ತೋರಿಸಲಾಯಿತು ಎಂಬ ವಿವರವೂ ಜಾಹೀರಾತಿನ ಪ್ರತಿಯೂ ಇಲಾಖೆಯ ಸಂಗ್ರಹದಲ್ಲಿ ಎಲ್ಲರಿಗೂ ನೋಡಲು ಸಿಗಬೇಕು.

ಪ್ರಶ್ನೆ: ಮಾಹಿತಿ ಹಕ್ಕಿನ ಅಡಿಯಲ್ಲಿ ನಾನೇ ಕೇಳಬೇಕೆಂದಿದ್ದೇನೆ. ಅರ್ಜಿಯನ್ನು ಹೇಗೆ ಬರೆಯಬೇಕು?

ಉತ್ತರ: ‘ಜಾಹೀರಾತಿಗೆ ಎಷ್ಟು ಖರ್ಚಾಗಿದೆ?’ ಎಂದು ಬರೆದರೆ ಒಂದೇ ಸಾಲಿನ ಉತ್ತರ ಬರುತ್ತದೆ. ಅದರ ಬದಲು ಒಂದು ಇಲಾಖೆ, ಒಂದು ಅವಧಿ ಎಂದು ಮಿತಿ ಹಾಕಿಕೊಂಡು, ‘ಇಂತಹ ತಿಂಗಳಿಂದ ಇಂತಹ ತಿಂಗಳವರೆಗೆ ಹೊರಡಿಸಿದ ಎಲ್ಲ ಜಾಹೀರಾತು ಬಿಡುಗಡೆ ಆದೇಶಗಳ ಪ್ರತಿ, ಮಾಧ್ಯಮವಾರು ಪಾವತಿಯ ವಿವರ, ಅನ್ವಯಿಸಿದ ದರಪಟ್ಟಿ, ಏಜೆನ್ಸಿಗೆ ಸಂದ ಕಮಿಷನ್, ಬಾಕಿ ಇರುವ ಬಿಲ್ಲುಗಳ ಪಟ್ಟಿ ಹಾಗೂ ಹಣ ಭರಿಸಿದ ಲೆಕ್ಕ ಶೀರ್ಷಿಕೆ’ ಎಂದು ದಾಖಲೆಗಳನ್ನೇ ಹೆಸರಿಸಿ ಕೇಳಿರಿ. ಚುನಾವಣೆಗೆ ಮುಂಚಿನ ಆರು ತಿಂಗಳನ್ನೂ ಹಿಂದಿನ ವರ್ಷದ ಅದೇ ಆರು ತಿಂಗಳನ್ನೂ ಆರಿಸಿಕೊಂಡರೆ ಹೋಲಿಕೆಗೆ ಅನುಕೂಲ.

ಎರಡು ಬಗೆಯ ನಿರಾಕರಣೆಗೆ ಸಿದ್ಧರಾಗಿರಿ. ಮಾಹಿತಿಯನ್ನು ಒಟ್ಟುಗೂಡಿಸಲು ಕಚೇರಿಯ ಸಂಪನ್ಮೂಲ ಮಿತಿಮೀರಿ ವ್ಯಯವಾಗುತ್ತದೆ ಎಂದು 7(9)ನೇ ಸೆಕ್ಷನ್ ತೋರಿಸಬಹುದು. ಕೇಳಿದ ರೂಪದಲ್ಲಿ ಕೊಡಲು ಕಷ್ಟವೆನ್ನುವುದಕ್ಕೆ ಮಾತ್ರ ಆ ಸೆಕ್ಷನ್ ಅವಕಾಶ ಕೊಡುತ್ತದೆ, ಮಾಹಿತಿಯನ್ನೇ ನಿರಾಕರಿಸುವುದಕ್ಕಲ್ಲ. ಆದ್ದರಿಂದ 2(ಜೆ) ಸೆಕ್ಷನ್ನಿನ ಪ್ರಕಾರ ಕಡತಗಳನ್ನು ಖುದ್ದಾಗಿ ಪರಿಶೀಲಿಸಲು ಅವಕಾಶ ಕೊಡಿ ಎಂದು ಅರ್ಜಿಯಲ್ಲೇ ಪರ್ಯಾಯವಾಗಿ ಕೇಳಿರುವುದು ಒಳ್ಳೆಯದು. ಎರಡನೆಯದು, ದರಗಳು ವಾಣಿಜ್ಯ ಗೋಪ್ಯತೆಗೆ ಸೇರಿವೆ ಎಂಬ 8(1)(ಡಿ) ಸೆಕ್ಷನ್ನಿನ ಕಾರಣ. ಸರ್ಕಾರ ತಾನೇ ನಿಗದಿಪಡಿಸಿ ಸಾರ್ವಜನಿಕ ಹಣದಿಂದ ಪಾವತಿಸಿದ ದರ ಗೋಪ್ಯವಾಗಲಾರದು, ಹೆಚ್ಚಿನ ಸಾರ್ವಜನಿಕ ಹಿತ ಇದ್ದಲ್ಲಿ ಅದೇ ಸೆಕ್ಷನ್ ಬಹಿರಂಗಕ್ಕೆ ದಾರಿ ಮಾಡಿಕೊಡುತ್ತದೆ ಎಂದು ಮೇಲ್ಮನವಿಯಲ್ಲಿ ವಾದಿಸಬಹುದು. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಅಪೂರ್ಣವಾಗಿದ್ದರೆ ಮುಂದಿನ ಮೂವತ್ತು ದಿನಗಳೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿಯನ್ನೂ, ಅದಾದ ತೊಂಬತ್ತು ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದನ್ನೂ ಸಲ್ಲಿಸಬೇಕು. ಆದೇಶಗಳ ಪ್ರತಿ ಕೈಗೆ ಬಂದ ಮೇಲೆ ಗ್ರಂಥಾಲಯದಲ್ಲಿ ಆಯಾ ದಿನದ ಪತ್ರಿಕೆಯನ್ನು ತೆರೆದು, ಜಾಹೀರಾತು ಹೇಳಿದ ಪುಟದಲ್ಲಿ ಹೇಳಿದ ಅಳತೆಯಲ್ಲಿ ಬಂದಿದೆಯೇ ಎಂದು ಸ್ಕೇಲು ಹಿಡಿದು ನೋಡಿರಿ; ವ್ಯತ್ಯಾಸ ಕಂಡುಬಂದರೆ ಆ ಪುಟದ ಪ್ರತಿಯೊಂದಿಗೆ ರಾಜ್ಯದ ಮಹಾಲೇಖಪಾಲರ ಕಚೇರಿಗೆ ಬರೆಯಿರಿ.